ಬ್ಯಾಟರಿಯ ತಲೆಗೆ ಕಟ್ಟಿದ ತಪ್ಪು

ಮಿಯಾಪುರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಯಾರಿಗೂ ಹೆಸರಿಲ್ಲ. ಫ್ಲ್ಯಾಟಿನ ನಂಬರು ಇದೆ, ಇಲ್ಲವೇ ಅವರಿಂದ ಉಳಿದವರಿಗೆ ಆಗುವ ತೊಂದರೆ ಇದೆ. ನಾಯಿಯವರು, ಮಿಕ್ಸಿಯವರು, ಪಾರ್ಕಿಂಗ್ ಜಗಳದವರು. ಹೋದ ತಿಂಗಳು ನಮ್ಮ ಎದುರು ಮನೆಯ ಕಾಕಾ ತೀರಿಕೊಂಡಾಗ ವಾಟ್ಸಾಪ್ ಗುಂಪಿಗೆ ಸುದ್ದಿ ಹಾಕಿದವಳು ನಾನು. ಸಂಘದ ಕಾರ್ಯದರ್ಶಿ ನಾನೇ. ಬೇರೆ ಯಾರೂ ಒಪ್ಪದೆ ನನ್ನ ಕೊರಳಿಗೆ ಬಿದ್ದ ಹುದ್ದೆ ಅದು. ಹೆಸರು ಬರೆದು ಹಾಕಿದರೂ ಯಾರು, ಯಾರು ಎಂದು ಕೇಳುವವರೇ ಹೆಚ್ಚು. ಕೊನೆಗೆ ಒಬ್ಬರು ‘ಬ್ಯಾಟರಿ ಅಂಕಲ್’ ಎಂದು ಬರೆದ ಮೇಲೆ ಕೈ ಮುಗಿದ ಚಿತ್ರಗಳು ಸಾಲುಗಟ್ಟಿ ಬಂದವು. ನಾನು ಫೋನನ್ನು ಸೋಫಾದ ಮೇಲೆ ಎಸೆದು ಕೂತೆ. ಬ್ಯಾಟರಿಯ ವಿಷಯದಲ್ಲಿ ಆ ಮನುಷ್ಯನ ಹೆಸರು ಕೆಟ್ಟದ್ದು ಹೇಗೆ ಎಂಬುದು ಆ ಗುಂಪಿನಲ್ಲಿ ಒಬ್ಬರಿಗೂ ಗೊತ್ತಿಲ್ಲ. ಹೇಳೋಣವೆಂದರೆ ಹೇಳುವ ಹಾಗೂ ಇಲ್ಲ.

ಕಾಕಾರ ಮನೆತನ ಕಲಬುರಗಿ ಕಡೆಯದು. ಅವರ ತಂದೆಯ ಕಾಲಕ್ಕೇ ನೌಕರಿ ಹಿಡಿದು ಹೈದರಾಬಾದಿಗೆ ಬಂದವರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು, ಆಫೀಸಿನಲ್ಲಿ ಉರ್ದು ಬೆರೆತ ಹಿಂದಿ. ಅವರು ಕೆಲಸ ಮಾಡಿದ್ದು ಅಬಿಡ್ಸ್ ಕಡೆಯ ಒಂದು ಟೆಲಿಫೋನ್ ಎಕ್ಸ್‌ಚೇಂಜಿನ ಬ್ಯಾಟರಿ ರೂಮಿನಲ್ಲಿ. ಊರಿಗೆ ಕರೆಂಟು ಹೋದರೂ ಫೋನು ಸತ್ತುಹೋಗಬಾರದೆಂದು ಅಲ್ಲಿ ಆಳೆತ್ತರದ ಸಾಲುಗಳಲ್ಲಿ ಬ್ಯಾಟರಿಗಳಿದ್ದವಂತೆ. ಅವುಗಳಿಗೆ ಡಿಸ್ಟಿಲ್ಡ್ ವಾಟರ್ ಹಾಕುವುದು, ಗಾಜಿನ ಕೊಳವೆಗೆ ಆ್ಯಸಿಡ್ ಎಳೆದು ಅದರ ಗಟ್ಟಿತನ ಅಳೆಯುವುದು, ಸದಾ ತುಂಬಿರುವಂತೆ ಕಾಯುವುದು. ನೌಕರಿ ಮುಗಿದು ಎಷ್ಟೋ ವರ್ಷವಾದರೂ ಅವರ ಪ್ಯಾಂಟುಗಳಲ್ಲಿ ಆ್ಯಸಿಡ್ ಸಿಡಿದ ಸಣ್ಣ ತೂತುಗಳಿದ್ದವು. ಹೊಸದು ಹೊಲಿಸಿಕೊಳ್ಳಿ ಎಂದರೆ ಇವು ಇನ್ನೂ ಗಟ್ಟಿ ಇವೆ ಎನ್ನುತ್ತಿದ್ದರು. ಮಾತು ಕಡಿಮೆ. ಕೂರುವಾಗ ಒಂದು ಕೈ ಮೊಣಕಾಲಿಗೆ, ಏಳುವಾಗ ಎರಡೂ ಕೈ. ನಾನು ಕಂಡ ದಿನದಿಂದ ಅವರು ದಣಿದೇ ಇದ್ದರು. ಆದರೆ ದಣಿದಿದ್ದೇನೆ ಎಂದು ಕೂತುಬಿಟ್ಟದ್ದನ್ನು ಮಾತ್ರ ನೋಡಲಿಲ್ಲ.

ಆ ಮನೆಯಲ್ಲಿ ರಿಮೋಟಿನ ಪುಟ್ಟ ವಿಮಾನ ಹಾರಿಸುತ್ತಿದ್ದವರು ಕಾಕಾ ಅಲ್ಲ, ಅವರ ಹೆಂಡತಿ ಕಾಕು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾರಿಗೆ ಹೇಳಿದರೂ ಉಲ್ಟಾ ತಿಳಿದುಕೊಳ್ಳುತ್ತಾರೆ. ಕಾಕು ಹುಡುಗಿಯರ ಶಾಲೆಯೊಂದರಲ್ಲಿ ಕೈಕೆಲಸದ ಟೀಚರ್ ಆಗಿದ್ದವರು. ಕಾಗದ, ಜೇಡಿಮಣ್ಣು, ಥರ್ಮೋಕೋಲು ಏನು ಕೊಟ್ಟರೂ ಅವರ ಬೆರಳಿನಲ್ಲಿ ಏನಾದರೊಂದು ಆಗುತ್ತಿತ್ತು. ನಿವೃತ್ತಿಯ ಮೇಲೆ ಒಂದು ಭಾನುವಾರ ವಾಕಿಂಗ್ ಹೋದಾಗ, ಮಿಯಾಪುರದ ಆಚೆ ಪ್ಲಾಟು ಹಾಕಿ ಮಾರದೆ ಬಿಟ್ಟ ಬಯಲಿನಲ್ಲಿ ಕೊಂಡಾಪುರದ ಆಫೀಸುಗಳ ಐಟಿಯವರು ಕೆಲವರು ರಿಮೋಟಿನ ವಿಮಾನ ಹಾರಿಸುವುದನ್ನು ಕಂಡರು. ಹೋಗಿ ಸೆರಗು ಸಿಕ್ಕಿಸಿಕೊಂಡು ನನಗೂ ಒಮ್ಮೆ ಕೊಡಿ ಎಂದರಂತೆ. ಮುಂದಿನ ತಿಂಗಳು ಫೋಮ್ ಶೀಟು ಕತ್ತರಿಸಿ ತಮ್ಮದೇ ಒಂದು ಮಾಡಿಕೊಂಡರು. ರೆಕ್ಕೆಗೆ ಇಳಕಲ್ ಸೀರೆಯ ಕೆಂಪು ದಡಿಯ ಬಣ್ಣ ಬಳಿದಿದ್ದರು. ಭಾನುವಾರ ಬೆಳಿಗ್ಗೆ ಸಂಘದ ಲೆಕ್ಕಪತ್ರ ಎದುರಿಗಿಟ್ಟುಕೊಂಡು ಒಣಗುತ್ತಿದ್ದ ನನ್ನನ್ನು ಎಳೆದುಕೊಂಡು ಹೋಗಿ ಬಯಲಿನ ಬೇವಿನ ಮರದ ಕೆಳಗೆ ಕೂರಿಸುತ್ತಿದ್ದರು. ಅಲ್ಲಿ ನನಗೆ ಕೆಲಸವಿರಲಿಲ್ಲ, ಫೋನಿಗೆ ಸಿಗ್ನಲ್ಲೂ ಸರಿಯಾಗಿ ಬರುತ್ತಿರಲಿಲ್ಲ. ವಾರದಲ್ಲಿ ನನಗೆ ಸಿಗುತ್ತಿದ್ದ ಸುಖ ಅಷ್ಟೇ.

ಬ್ಯಾಟರಿಯ ಜವಾಬ್ದಾರಿ ಕಾಕಾರದ್ದು. ಹಾಗೆಂದು ಯಾರೂ ತೀರ್ಮಾನ ಮಾಡಿರಲಿಲ್ಲ. ಮನೆಯಲ್ಲಿ ಬ್ಯಾಟರಿ ಇದ್ದ ಮೇಲೆ ಅದನ್ನು ಇನ್ನೊಬ್ಬರು ಮುಟ್ಟುವ ಮಾತೇ ಇರಲಿಲ್ಲ. ಮೊದಲ ವರ್ಷ ಮಾತ್ರ ಅವರು ದೊಡ್ಡದಾಗಿ ಎಡವಿದರು. ಎಕ್ಸ್‌ಚೇಂಜಿನ ಬ್ಯಾಟರಿಗೆ ಇದ್ದದ್ದು ಒಂದೇ ಧರ್ಮ, ಸದಾ ತುಂಬಿರಬೇಕು. ವಿಮಾನದ ಈ ಮೆತ್ತನೆಯ ಲಿಥಿಯಂ ಬ್ಯಾಟರಿಗಳಿಗೂ ಅವರು ಅದನ್ನೇ ಮಾಡಿದರು. ಭಾನುವಾರ ಹಾರಿಸಿ ಬಂದ ಸಂಜೆಯೇ ಎಲ್ಲವನ್ನೂ ಭರ್ತಿ ತುಂಬಿಸಿ, ಮುಂದಿನ ವಾರಕ್ಕೆ ತಯಾರಿರಲಿ ಎಂದು ಕಪಾಟಿನಲ್ಲಿ ಇಡುವುದು. ಎರಡು ಮೂರು ತಿಂಗಳಲ್ಲಿ ಒಂದೊಂದೂ ಎಣ್ಣೆಗೆ ಬಿಟ್ಟ ಪೂರಿಯ ಹಾಗೆ ಉಬ್ಬಿದವು. ಇವು ಆ ಜಾತಿಯವಲ್ಲ. ಪೂರ್ತಿ ತುಂಬಿಸಿಟ್ಟರೂ ಕೆಡುತ್ತವೆ, ಪೂರ್ತಿ ಬರಿದು ಮಾಡಿದರೂ ಕೆಡುತ್ತವೆ, ಅರೆಹೊಟ್ಟೆಯಲ್ಲಿ ಮಲಗಿಸಬೇಕು. ಜೀವಮಾನವಿಡೀ ತುಂಬಿಸುವುದನ್ನೇ ಕಲಿತ ಮನುಷ್ಯ ಅರವತ್ತು ದಾಟಿದ ಮೇಲೆ ಅರ್ಧಕ್ಕೆ ನಿಲ್ಲಿಸುವುದನ್ನು ಕಲಿಯಬೇಕಾಯಿತು. ಕಲಿತರು. ಅದಾದ ಮೇಲೆ ಅವರ ಕೈಯಲ್ಲಿ ಒಂದೂ ಉಬ್ಬಲಿಲ್ಲ.

ಚಾರ್ಜಿಗೆ ಇಟ್ಟರೆಂದರೆ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂರುವುದು ಅವರ ಪದ್ಧತಿ. ಬಾಲ್ಕನಿಯಲ್ಲಿ ಮರಳು ತುಂಬಿದ ಮಣ್ಣಿನ ಗಡಿಗೆ, ಅದರೊಳಗೆ ಬ್ಯಾಟರಿ, ಹೊರಗೆ ಚಾರ್ಜರು. ಬೆಲ್ಲು ಹೊಡೆದರೆ ಏಳುವುದಿಲ್ಲ, ಫೋನು ಬಂದರೆ ತೆಗೆಯುವುದಿಲ್ಲ. ಒಮ್ಮೆ ಅವರ ಖಾಸಾ ಷಡ್ಡಕರು ಬಂದು ಬಾಗಿಲಲ್ಲಿ ನಿಂತು ನಿಂತು ಸಾಕಾಗಿ ನಮ್ಮ ಮನೆಗೆ ಬಂದು ಚಹಾ ಕುಡಿದು, ಸಿಟ್ಟಿನಿಂದ ಹಾಗೆಯೇ ವಾಪಸ್ ಹೋದರು. ಮಳೆ ಬಂದು ಹಾರಾಟ ನಿಂತ ಭಾನುವಾರಗಳಲ್ಲಿ ಇನ್ನೊಂದು ಕೆಲಸ. ತುಂಬಿಸಿದ್ದನ್ನೆಲ್ಲ ಮತ್ತೆ ಅರ್ಧಕ್ಕೆ ಇಳಿಸಬೇಕು. ಅದಕ್ಕೆ ಹಳೆಯ ಕಾರಿನ ಹೆಡ್‌ಲೈಟ್ ಬಲ್ಬನ್ನು ಜೋಡಿಸಿ ಉರಿಸುತ್ತಿದ್ದರು. ಸಂಜೆ ಎದುರಿನ ಬಾಲ್ಕನಿಯಲ್ಲಿ ಆ ಬಲ್ಬು ಉರಿಯುತ್ತಿದ್ದರೆ, ಒಳಗೆ ಕಾಕುವಿನ ಮೋರೆ ಗಂಟಿಕ್ಕಿದೆ ಎಂದೇ ಅರ್ಥ. ನಾನು ಅವತ್ತು ಆ ಕಡೆ ಹೋಗುತ್ತಿರಲಿಲ್ಲ.

ಬಯಲಿನಲ್ಲಿ ಕಾಕಾರ ಕೆಲಸ ಎರಡು. ಒಂದು, ಬ್ಯಾಟರಿಯ ಡಬ್ಬಿಗೆ ಛತ್ರಿ ಹಿಡಿಯುವುದು. ಹೈದರಾಬಾದಿನ ಬಿಸಿಲು ಅವುಗಳಿಗೆ ಆಗದು.

“ನೋಡವ್ವಾ, ಬಿಸಲಾಗ ನಿಂತಾಕಿ ನಾನು, ಛತ್ರಿ ಬ್ಯಾಟರಿಗೆ,” ಎಂದು ಕಾಕು ನನ್ನ ಹತ್ತಿರ ದೂರುತ್ತಿದ್ದರು. ಕಾಕಾ ಕೇಳಿಸಿದರೂ ಕೇಳಿಸದವರ ಹಾಗೆ ಛತ್ರಿಯನ್ನು ಇನ್ನಷ್ಟು ವಾಲಿಸುತ್ತಿದ್ದರು. ಎರಡನೆಯ ಕೆಲಸ, ಗಡಿಯಾರ ನೋಡಿ ಸಾಕು ಅನ್ನುವುದು. ಬ್ಯಾಟರಿಯಲ್ಲಿ ಇನ್ನೂ ಉಳಿದಿರುವಾಗಲೇ ವಿಮಾನ ಇಳಿಸಬೇಕು, ಪೂರ್ತಿ ಹಿಂಡಬಾರದು. ಕಾಕುಗೆ ಯಾವಾಗಲೂ ಇನ್ನೊಂದೇ ಒಂದು ಸುತ್ತು ಬೇಕು. ಸಾಕು, ಇಳಿಸು ಎಂದು ಇವರು, ಇನ್ನೊಂದು ಎಂದು ಅವರು. ಪ್ರತಿವಾರ ಅದೇ ಜಗಳ, ಪ್ರತಿವಾರ ಕಾಕುವೇ ಸೋತು ಇಳಿಸುವುದು. ಇಳಿಸುವುದೂ ಎಂಥ ಇಳಿಸುವಿಕೆ. ದೋಸೆ ಕಾವಲಿಯಿಂದ ತಟ್ಟೆಗೆ ಜಾರಿದಷ್ಟು ಮೆತ್ತಗೆ. ಐಟಿಯವರು ತಮ್ಮ ವಿಮಾನ ಬಿಟ್ಟು ಅದನ್ನು ನೋಡುತ್ತಿದ್ದರು. ಕಾಕಾ ನೋಡುತ್ತಿರಲಿಲ್ಲ, ಬಾಗಿ ಬ್ಯಾಟರಿ ಬಿಚ್ಚಿ ಅಂಗೈಯಲ್ಲಿಟ್ಟು ಎಷ್ಟು ಬಿಸಿಯಾಗಿದೆ ಎಂದು ಪರೀಕ್ಷಿಸುತ್ತಿದ್ದರು. ಆಗ ಅವರ ಮುಖದಲ್ಲಿ ಒಂದು ತೃಪ್ತಿ ಇರುತ್ತಿತ್ತು. ಆ ಮನುಷ್ಯನಿಗೆ ಹೆಮ್ಮೆ ಎಂಬುದು ಇದ್ದರೆ ಅದೊಂದೇ ವಿಷಯದಲ್ಲಿ ಇತ್ತು.

ಆಮೇಲೆ ಕಾಕುವಿನ ಕೈ ನಡುಗತೊಡಗಿತು. ಮೊದಲು ಬಲಗೈಯ ಹೆಬ್ಬೆರಳು. ಸುಮ್ಮನೆ ಕೂತಾಗ ಜಪಮಾಲೆ ಎಣಿಸುವವರ ಹಾಗೆ ಬೆರಳು ತಾನೇ ಆಡುತ್ತಿತ್ತು. ನರದ ಕಾಯಿಲೆ ಎಂದು ಡಾಕ್ಟರು ಹೇಳಿದರು. ಕಾಕು ಒಪ್ಪಲಿಲ್ಲ. ಸುಮ್ಮನಿದ್ದಾಗ ನಡುಗುತ್ತದೆ, ರಿಮೋಟು ಹಿಡಿದರೆ ನಿಲ್ಲುತ್ತದೆ, ಹಾಗಿದ್ದ ಮೇಲೆ ಕಾಯಿಲೆ ಎಲ್ಲಿಯದು ಎಂದು ಅವರ ವಾದ. ಅದು ಸುಳ್ಳೂ ಅಲ್ಲ. ರಿಮೋಟು ಹಿಡಿದರೆ ನಡುಕ ನಿಲ್ಲುತ್ತಿತ್ತು. ಆದರೆ ಬೆರಳು ನಿಧಾನವಾಗಿತ್ತು, ಮನಸ್ಸು ಹೇಳಿದ್ದು ಬೆರಳಿಗೆ ತಲುಪುವಷ್ಟರಲ್ಲಿ ವಿಮಾನ ಮುಂದೆ ಹೋಗಿರುತ್ತಿತ್ತು. ಕೊಟ್ಟ ಗುಳಿಗೆಯನ್ನು ಅವರು ಶಕ್ತಿಯ ಗುಳಿಗೆ ಎಂದು ಕರೆಯುತ್ತಿದ್ದರು. ನಾವೂ ಹಾಗೆಯೇ ಕರೆದೆವು.

ಮೊದಲ ಸಲ ವಿಮಾನ ಬಿದ್ದ ಭಾನುವಾರ ನಾನು ಬೇವಿನ ಮರದ ಕೆಳಗೇ ಇದ್ದೆ. ಇಳಿಸಲು ಬಂದ ವಿಮಾನ ಮೂಗು ಎತ್ತಬೇಕಾದಲ್ಲಿ ಎತ್ತಲಿಲ್ಲ. ನೇರ ಹೋಗಿ ಜಲ್ಲಿಕಲ್ಲಿನ ರಾಶಿಗೆ ನಾಟಿಕೊಂಡಿತು. ಅದರ ಫ್ಯಾನು ಕೊನೆಯವರೆಗೂ ಗಿರಗಿರ ತಿರುಗುತ್ತಲೇ ಇತ್ತು, ಕಲ್ಲಿಗೆ ತಾಗಿ ಸಿಡಿದ ಚೂರು ನನ್ನ ಹತ್ತಿರವೇ ಬಂದು ಬಿತ್ತು. ಬ್ಯಾಟರಿ ಸತ್ತಿದ್ದರೆ ಫ್ಯಾನು ತಿರುಗುವುದೆಲ್ಲಿಂದ? ನನ್ನಂಥವಳಿಗೂ ತಿಳಿಯುವ ವಿಷಯ. ಕಾಕು ರಿಮೋಟು ಹಿಡಿದು ನಿಂತೇ ಇದ್ದರು. ಮುಖ ಬಿಳಿಚಿತ್ತು. ಐಟಿಯವರು ದೂರದಿಂದ ಓಡಿ ಬಂದರು.

“ಬ್ಯಾಟರಿ ಹೋತೇನ್ರಿ?” ಎಂದರು ಕಾಕು, ಮೆಲ್ಲಗೆ.

ಕಾಕಾ ರಾಶಿಯ ಹತ್ತಿರ ಬಾಗಿ ಬ್ಯಾಟರಿ ಬಿಚ್ಚಿದರು. ಅಂಗೈಯಲ್ಲಿ ಇಟ್ಟುಕೊಂಡರು. ಆಮೇಲೆ ಎಲ್ಲರಿಗೂ ಕೇಳಿಸುವಂತೆ, “ಹೌದು, ಬ್ಯಾಟರಿನೇ ಕೂತೈತಿ. ನಂದೇ ತಪ್ಪು,” ಎಂದರು.

ಕಾಕುವಿನ ಮುಖಕ್ಕೆ ಬಣ್ಣ ಮರಳಿತು. ದಾರಿಯುದ್ದಕ್ಕೂ ಗಂಡನನ್ನು ಬೈದರು. ಇಷ್ಟು ವರ್ಷ ಬ್ಯಾಟರಿ ಕಾದು ಏನು ಕಲಿತಿರಿ, ಎರಡು ವಾರ ಕೂತು ಮಾಡಿದ ರೆಕ್ಕೆ ಹಾಳಾಯಿತು ಎಂದು. ಕಾಕಾ ಹೂಂ ಎನ್ನುತ್ತ ಕಾರು ನಡೆಸಿದರು. ಇಂಥ ಬೈಗುಳ ಮತ್ತೂ ಹಲವು ಭಾನುವಾರ ನಡೆಯಿತು. ವಿಮಾನ ಬೀಳುವುದು, ಬ್ಯಾಟರಿ ಕೂತಿತು ಎಂದು ಕಾಕಾ ಹೇಳುವುದು, ಮನೆಗೆ ಬಂದು ಕಾಕು ಹೊಸ ರೆಕ್ಕೆ ಕತ್ತರಿಸುವುದು. ಕತ್ತರಿಸಲೂ ಆಗದಾದಾಗ ಬ್ಲೇಡು ಮೊಂಡಾಗಿದೆ ಎಂದರು. ಕಾಕಾ ಅದಕ್ಕೂ ಹೌದು ಎಂದರು. ಐಟಿಯವರು ತಮ್ಮ ತಮ್ಮಲ್ಲೇ, ಅಂಕಲ್‌ಗೆ ವಯಸ್ಸಾಯಿತು, ಬ್ಯಾಟರಿ ನೋಡಿಕೊಳ್ಳುವುದು ಆಗುತ್ತಿಲ್ಲ ಎಂದು ಮಾತಾಡಿಕೊಂಡರು. ಕಾಕಾರಿಗೆ ಅದು ಕೇಳಿಸಿತು. ಛತ್ರಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು, ಅಷ್ಟೇ.

ಇಷ್ಟರಲ್ಲಿ ಬೇರೆಲ್ಲೋ ಒಂದು ಅಪಾರ್ಟ್‌ಮೆಂಟಿನಲ್ಲಿ ಸ್ಕೂಟರಿನ ಬ್ಯಾಟರಿ ಹೊತ್ತಿಕೊಂಡ ವಿಡಿಯೊ ಬಂತು. ನಮ್ಮ ಗುಂಪಿನಲ್ಲಿ ಅದನ್ನು ಹಾಕದವರಿಲ್ಲ. ನಾನು ಸೆಲ್ಲಾರಿನಲ್ಲಿ ಕಾರುಗಳ ನಡುವೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿ ಮೀಟಿಂಗು ಕರೆದೆ. ಮನೆಗಳೊಳಗೆ ಇಂಥ ಲಿಥಿಯಂ ಬ್ಯಾಟರಿ ಇಡಕೂಡದು, ಚಾರ್ಜು ಮಾಡಕೂಡದು ಎಂದು ನಿಯಮ ಮಾಡುವುದಕ್ಕೆ. ಅಧ್ಯಕ್ಷರು ಕೆಟ್ಟವರೇನಲ್ಲ. ಕಾಕಾ ಇಲಾಖೆಯಲ್ಲಿ ಇದೇ ಕೆಲಸ ಮಾಡಿದವರು, ಅವರಿಗೆ ಮಾತ್ರ ರಿಯಾಯಿತಿ ಕೊಡಬಹುದು ಎಂದು ತೆಲುಗಿನಲ್ಲಿ ಹೇಳಿದರು. ಹಲವರು ತಲೆಯಾಡಿಸಿದರು. ನನಗೆ ನೆಮ್ಮದಿಯಾಯಿತು. ಮೀಟಿಂಗೆಂದರೆ ಖುಷಿಪಡುವ ಕಾಕು ಮುಂದಿನ ಸಾಲಿನಲ್ಲೇ ಕೂತಿದ್ದರು.

ಆಗ ಡಿ ಬ್ಲಾಕಿನವರೊಬ್ಬರು ಎದ್ದರು. ಕಾಕು ಜೊತೆ ವಿಮಾನ ಹಾರಿಸುತ್ತಿದ್ದ ಐಟಿಯವರಲ್ಲೊಬ್ಬರು. ಕೆಟ್ಟ ಬುದ್ಧಿಯಿಂದಲ್ಲ, ಇರುವುದನ್ನು ಹೇಳಿದರು. ಅಂಕಲ್ ಮೇಲೆ ಗೌರವವಿದೆ, ಆದರೆ ಅವರ ಬ್ಯಾಟರಿಗಳು ಮತ್ತೆ ಮತ್ತೆ ಕೈಕೊಟ್ಟು ಆಂಟಿಯ ವಿಮಾನ ಬಿದ್ದಿದೆ, ಅಂಕಲ್ಲೇ ಎಲ್ಲರೆದುರು ಒಪ್ಪಿಕೊಂಡಿದ್ದಾರೆ, ಅಂಥ ಬ್ಯಾಟರಿ ಮನೆಯಲ್ಲಿರುವುದು ಅಪಾಯ ಎಂದು. ಅಧ್ಯಕ್ಷರು ಕಾಕಾರತ್ತ ತಿರುಗಿ, ನಿಜವೇ ಎಂದು ಕೇಳಿದರು.

ಕಾಕು ಕುರ್ಚಿಯಲ್ಲೇ ಹೊರಳಿ ಗಂಡನನ್ನು ನೋಡಿದರು. ಮಡಿಲಲ್ಲಿದ್ದ ಬಲಗೈ ನಡುಗುತ್ತಿತ್ತು. ಕಾಕಾ ಮುಂದಿನ ಕುರ್ಚಿಯ ಬೆನ್ನು ಹಿಡಿದು ಎದ್ದರು. ನನ್ನ ಬ್ಯಾಟರಿ ಸರಿಯಾಗಿಯೇ ಇವೆ ಅಂದರೆ ಸಾಕಿತ್ತು, ಅವು ಅವರ ಮನೆಯಲ್ಲೇ ಉಳಿಯುತ್ತಿದ್ದವು, ಅವರ ಹೆಸರೂ ಉಳಿಯುತ್ತಿತ್ತು. ಆದರೆ ಮರುಕ್ಷಣವೇ, ಹಾಗಾದರೆ ವಿಮಾನ ಏಕೆ ಬಿತ್ತು ಎಂದು ಯಾರಾದರೂ ಕೇಳುತ್ತಿದ್ದರು. ಬೇರೆ ಯಾರೂ ಕೇಳದಿದ್ದರೂ ಕಾಕು ಕೇಳುತ್ತಿದ್ದರು. ಕಾಕಾ ತೆಲುಗಿನಲ್ಲೇ ನಿಧಾನವಾಗಿ ಹೇಳಿದರು. ಹುಡುಗ ಹೇಳಿದ್ದು ನಿಜ, ತಮ್ಮ ಬ್ಯಾಟರಿಗಳು ಸರಿ ಇಲ್ಲ, ನೋಡಿಕೊಳ್ಳುವುದು ಈಗ ತಮ್ಮಿಂದ ಆಗುತ್ತಿಲ್ಲ, ರಿಯಾಯಿತಿ ಬೇಡ, ಎಲ್ಲವನ್ನೂ ತೆಗೆದುಹಾಕುತ್ತೇನೆ ಎಂದು. ಕೂತರು. ಒಂದಿಬ್ಬರು ಚಪ್ಪಾಳೆ ತಟ್ಟಿದರು. ಇಂಥ ಕಡೆ ಚಪ್ಪಾಳೆ ತಟ್ಟುವವರ ಕೈಗೆ ಏನು ಬಂದಿರುತ್ತದೋ ನನಗೆ ಈಗಲೂ ತಿಳಿಯದು.

ನಿಯಮ ಜಾರಿಯಾದದ್ದನ್ನು ಕಣ್ಣಾರೆ ನೋಡಬೇಕಾದವಳು ಕಾರ್ಯದರ್ಶಿ. ಎರಡು ದಿನ ಬಿಟ್ಟು ಸಂಜೆ ಹೋದೆ. ಈ ಬ್ಯಾಟರಿಗಳನ್ನು ಹಾಗೆಯೇ ಕಸಕ್ಕೆ ಎಸೆಯುವಂತಿಲ್ಲ. ಬಲ್ಬು ಉರಿಸಿ ಪೂರ್ತಿ ಬರಿದು ಮಾಡಿ, ಉಪ್ಪುನೀರಿನಲ್ಲಿ ಮುಳುಗಿಸಿ ಬಿಡಬೇಕು. ಅವರ ಮನೆಯಲ್ಲಿ ಅಷ್ಟು ಉಪ್ಪಿರಲಿಲ್ಲ. ನಮ್ಮ ಅಡುಗೆಮನೆಯಿಂದ ಹರಳುಪ್ಪಿನ ಡಬ್ಬಿ ಒಯ್ದೆ. ಬಾಲ್ಕನಿಯಲ್ಲಿ ಬಕೆಟ್ ಇಟ್ಟು ಕಾಕಾ ಸ್ಟೂಲಿನ ಮೇಲೆ ಕೂತಿದ್ದರು. ಬಲ್ಬಿಗೆ ಹಾಕುವ ಮೊದಲು ಒಂದೊಂದನ್ನೂ ಮೀಟರಿಗೆ ಹಚ್ಚಿ ನೋಡಿದರು, ನನಗೂ ತೋರಿಸಿದರು. ಪ್ರತಿ ಬ್ಯಾಟರಿಯೊಳಗಿನ ಮೂರು ಸೆಲ್ಲುಗಳಿಗೂ ಮೀಟರಿನಲ್ಲಿ ಒಂದೇ ಅಂಕಿ. ಒಂದೂ ಉಬ್ಬಿರಲಿಲ್ಲ, ಒಂದೂ ಕೂತಿರಲಿಲ್ಲ. ಅಂಗಡಿಯಿಂದ ಆಗ ತಂದಂತೆ ಇದ್ದವು.

ಯಾಕ್ರಿ ಕಾಕಾ ಎಂದು ಕೇಳಿದೆ. ಅವರು ಒಳಗಿನ ಬಾಗಿಲತ್ತ ಒಮ್ಮೆ ನೋಡಿ ದನಿ ತಗ್ಗಿಸಿದರು.

“ಬ್ಯಾಟರಿ ಹೋತು ಅಂದ್ರ ಆಕಿ ನನ್ನ ಬೈತಾಳ, ಆಮ್ಯಾಲ ಉಣ್ತಾಳ, ಮಲಗ್ತಾಳ. ಕೈ ಹೋತು ಅಂತ ತಿಳಿದ್ರ ಉಣ್ಣಂಗಿಲ್ಲವ್ವಾ.”

ಅಷ್ಟು ಹೇಳಿ ಬಲ್ಬು ಹಚ್ಚಿದರು. ಬರಿದಾದವನ್ನು ಒಂದೊಂದಾಗಿ ನೀರಿಗೆ ಬಿಟ್ಟರು. ಸಣ್ಣ ಗುಳ್ಳೆಗಳು ಏಳತೊಡಗಿದವು. ಒಳಗಿನಿಂದ ಕಾಕು, ಎಲ್ಲವೂ ಕೆಟ್ಟಿದ್ದವೇ ಎಂದು ಕೂಗಿ ಕೇಳಿದರು. ಎಲ್ಲವೂ ಎಂದು ಕಾಕಾ ಉತ್ತರಿಸಿದರು. ನಾನು ಉಪ್ಪಿನ ಡಬ್ಬಿ ಹಿಡಿದು ನಿಂತೇ ಇದ್ದೆ. ಕಾಕು ಕನ್ನಡ ಓದುತ್ತಾರೆ, ಹಾಗಾಗಿ ಈ ಬರಹದಲ್ಲಿ ಹೆಸರನ್ನಾಗಲಿ ಫ್ಲ್ಯಾಟಿನ ನಂಬರನ್ನಾಗಲಿ ಬರೆದಿಲ್ಲ. ಒಂದೆರಡು ವಿವರಗಳನ್ನು ಬೇಕೆಂದೇ ಬದಲಿಸಿದ್ದೇನೆ, ಯಾವುವು ಎಂದು ಹೇಳುವುದಿಲ್ಲ.

ಆ ಮೀಟಿಂಗಿಗೆ ಮುಂಚೆ ಬೇಸಿಗೆ ಹತ್ತಿರ ಬಂತೆಂದರೆ ಇಡೀ ಕಟ್ಟಡದ ಇನ್ವರ್ಟರುಗಳಿಗೆ ನೀರು ಹಾಕಲು ಕಾಕಾರನ್ನೇ ಕರೆಯುತ್ತಿದ್ದರು. ಅವರು ಹಳೆಯ ಖಾಕಿ ಕೋಟು ತೊಟ್ಟು ಮನೆಮನೆಗೆ ಹೋಗಿ ಬರುತ್ತಿದ್ದರು. ಆಮೇಲೆ ಯಾರೂ ಕರೆಯಲಿಲ್ಲ. ಬ್ಯಾಟರಿ ಅಂಗಡಿಯವನನ್ನು ಕರೆಸಿದರು. ಆತ ಕ್ಯಾನು ಹಿಡಿದು ಲಿಫ್ಟಿನಿಂದ ಇಳಿಯುವಾಗ ಕಾಕಾ ಬಾಗಿಲಲ್ಲಿ ನಿಂತಿದ್ದುದನ್ನು ನೋಡಿದೆ. ಕ್ಯಾನಿನ ಮೇಲೆ ಬರೆದದ್ದನ್ನು ಕಣ್ಣು ಕಿರಿದು ಮಾಡಿ ಓದಿದರು, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಮ್ಮ ಮನೆಯದಕ್ಕೆ ಮಾತ್ರ ಅವರನ್ನೇ ಕರೆದೆ. ಬಂದು ಎಂದಿನಂತೆ ಮಾಡಿಕೊಟ್ಟರು. ಕೈ ಒರೆಸಿಕೊಳ್ಳುತ್ತ, ನಿನ್ನ ಸಂಘದವರಿಗೆ ಗೊತ್ತಾದರೆ ಬೈದಾರು ನೋಡು ಎಂದು ನಕ್ಕರು. ನನಗೆ ನಗು ಬರಲಿಲ್ಲ. ಮನುಷ್ಯನ ಹತ್ತಿರ ಇರುವುದೇ ಒಂದು ಒಳ್ಳೆಯ ಹೆಸರು, ಅದನ್ನೂ ಕೊಟ್ಟುಬಿಟ್ಟು ಹೀಗೆ ಖಾಲಿ ಕೈಯಲ್ಲಿ ಓಡಾಡುವುದನ್ನು ನೋಡುವುದು ಕಷ್ಟ.

ಹೋದ ತಿಂಗಳು ಒಂದು ಮಧ್ಯಾಹ್ನ ಊಟ ಮಾಡಿ ಕುರ್ಚಿಯಲ್ಲಿ ಕೂತವರು ಏಳಲಿಲ್ಲ.

ಹದಿಮೂರನೆಯ ದಿನ ಎಕ್ಸ್‌ಚೇಂಜಿನ ಕಾಲದ ಅವರ ಗೆಳೆಯರೊಬ್ಬರು ಕೋಲೂರಿಕೊಂಡು ಬಂದಿದ್ದರು. ಊಟವಾದ ಮೇಲೆ ಪಡಸಾಲೆಯಲ್ಲಿ ಕೂತು ಹಳೆಯ ಮಾತು ತೆಗೆದರು. ಇವನು ಬ್ಯಾಟರಿ ರೂಮಿನಲ್ಲಿ ಇದ್ದಷ್ಟು ದಿನ ಒಂದು ಬ್ಯಾಟರಿಯೂ ಕೆಡಲಿಲ್ಲ, ದೊಡ್ಡ ಸಾಹೇಬರು ಹೊಸದಾಗಿ ಬಂದವರನ್ನು ಇವನ ಹತ್ತಿರ ಕಳಿಸಿ ಕಲಿತು ಬಾ ಎನ್ನುತ್ತಿದ್ದರು ಎಂದು ಹಿಂದಿಯಲ್ಲಿ ಬಹಳ ಹೊತ್ತು ಹೇಳಿದರು. ಡಿ ಬ್ಲಾಕಿನವರು ತಲೆ ತಗ್ಗಿಸಿ ಕೇಳುತ್ತಿದ್ದರು. ಅವರಿಗೆ ನಂಬಿಕೆ ಬಂದ ಹಾಗಿರಲಿಲ್ಲ. ಕಾಕು ಗೋಡೆಗೊರಗಿ ಕೂತು ಗೆಳೆಯರ ಮುಖವನ್ನೇ ನೋಡುತ್ತಿದ್ದರು. ಎರಡೂ ಕೈ ಈಗ ಒಂದೇ ಸಮ ನಡುಗುತ್ತವೆ, ಸೆರಗಿನೊಳಗೆ ಸೇರಿಸಿಟ್ಟುಕೊಂಡಿದ್ದರು.

ಎಲ್ಲರೂ ಹೋದ ಮೇಲೆ ನಾನು ಎಲೆ ತೆಗೆದು ನೆಲ ಒರೆಸುತ್ತಿದ್ದೆ. ಕಾಕು ನನ್ನನ್ನು ಹತ್ತಿರ ಕರೆದು ಕೂರಿಸಿಕೊಂಡರು.

“ನೀ ಅವತ್ತು ಬಾಲ್ಕನ್ಯಾಗ ಅಲ್ಲೇ ನಿಂತಿದ್ದಿ. ನಿನ್ನ ಕಣ್ಣೀಲೆ ನೋಡೀದಿ. ಖರೇ ಹೇಳವ್ವಾ, ಇವರ ಬ್ಯಾಟರಿ ಕೆಟ್ಟಿದ್ವೋ ಇಲ್ಲೋ?”

ಆ ಪ್ರಶ್ನೆ ಯಾವತ್ತಾದರೂ ಬರುತ್ತದೆ ಎಂದು ನನಗೆ ಗೊತ್ತಿತ್ತು. ಕಾಕಾರ ಪರವಾಗಿ ಒಂದು ಮಾತು ಹೇಳಬೇಕೆಂಬ ಆಸೆ ಎದೆಯವರೆಗೆ ಬಂದು ನಿಂತಿತು. ಕಾಕು ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಅವರ ಪಾಲಿನ ಎಲೆ ಮೂಲೆಯಲ್ಲಿ ಮುಚ್ಚಿಟ್ಟದ್ದು ಹಾಗೆಯೇ ಇತ್ತು.

“ಕೆಟ್ಟಿದ್ವು ಕಾಕು,” ಎಂದೆ. “ಎಲ್ಲಾ ಕೆಟ್ಟಿದ್ವು.”

ಕಾಕು ಉಸಿರು ಬಿಟ್ಟು, “ಪಾಪ, ಜೀವಮಾನೆಲ್ಲಾ ಅದೊಂದೇ ಕೆಲಸ ಮಾಡಿದ್ರು. ಕಡೀತನಕ ಬರಲೇ ಇಲ್ಲ ನೋಡು ಇವರಿಗೆ,” ಎಂದರು.

ನಾನು ಎಲೆಯನ್ನು ಅವರ ಮುಂದೆ ಎಳೆದು, ಅನ್ನ ಕಲಸಿ ತುತ್ತು ಮಾಡಿ ಕೊಟ್ಟೆ. ತಿಂದರು.